ಮಾರೆಪ್ಪನ ಅಂಜಿಕಿ

ಹಾನಗಲ್
2 ಫೆಬ್ರುವರಿ 1981

ಗೋಪಿ,

ಗೊಂದಿಕೊಪ್ಪದ ಸೇಂದಿ ಅಂಗಡಿಗೆ ಕೀಲಿ ಬಿತ್ತು. ನಿಮ್ಮ ಮುಂಬಯಿ ಪೇಪರಿನಾಗ ಇದು ಬರಂಗಿಲ್ಲ, ಅದಕ್ಕ ನಾನಽ ಬರೀಬೇಕಾತು.

ಹೋದ ಬುಧವಾರ ಕೇರಿಯ ಹೆಣ್ಮಕ್ಕಳು ಅಂಗಡಿ ಬಾಗಿಲಿಗೆ ಅಡ್ಡ ಕುಂತ್ರು. ಕಂತ್ರಾಟುದಾರ ಉಳವಪ್ಪ ನಮ್ಮ ಜಾತಿಯವನಽ. ಮುಂಜಾನೆ ಹಣಿ ತುಂಬ ವಿಭೂತಿ, ಸಂಜೀಕ ಕೇರಿ ತುಂಬ ಕೊಡ. ಹಗಲೆಲ್ಲ ಮಂದಿ ಅವನ ಗದ್ದ್ಯಾಗ ದುಡೀಬೇಕು, ಹೊತ್ತು ಮುಳುಗಿದ ಮ್ಯಾಲೆ ಅವನ ಅಂಗಡ್ಯಾಗ ಬೀಳಬೇಕು. ಊರ ಸುತ್ತ ಹುಡುಕಿದ್ರೂ ಈಚಲ ಮರ ನಾಲ್ಕು ಸಿಗಂಗಿಲ್ಲ, ಸೇಂದಿ ಮಾತ್ರ ಎಂದೂ ಕಡಿಮಿ ಬಿದ್ದಿಲ್ಲ. ಮಾರೆಪ್ಪ ಅಂತಾನ, ಉಳವಪ್ಪನ ಮರ ಎಮ್ಮಿ ಇದ್ದಂಗ ಎರಡ್ಹೊತ್ತು ಕರೀತಾವಂತ.

ಮಾರೆಪ್ಪನ್ನ ನೀ ಕಂಡಿಲ್ಲ. ನಮ್ಮ ಸಂಘಟನೆಯ ಮೋರ್ಚಾ ಹೊಂಟ್ರ ಎಲ್ಲಾರ ಮುಂದ ಹಲಗಿ ಬಾರಿಸ್ಕೊಂತ ಹೋಗೋನು ಅವನಽ. ಹೋದ ವರ್ಷ ಹಿರೇಕೆರೂರಿನಾಗ ಲಾಠಿ ಬಿದ್ದು ಮೊಣಕೈ ಒಡೀತು, ಹಲಗಿ ನಿಲ್ಲಲಿಲ್ಲ. ಅವನೂ ವರ್ಷಾನುಗಟ್ಲೆ ದಿನಾ ಕುಡಿದವ. ಮೊದಲು ಆಣಿ ಮಾಡಿದವನೂ ಅವನಽ.

ಆಣಿ ಮಾಡಿಸಿದಾಕಿ ನಾನು. ನಗಬ್ಯಾಡ. ನಾ ದೇವರ ನಂಬಂಗಿಲ್ಲ ಅಂತ ನಿನಗ ಹಾಸ್ಟೆಲಿನಿಂದ ಗೊತ್ತು. ಆದ್ರ ಕೇರಿ ನಂಬತೈತಿ. ನಮ್ಮ ಭಾಷಣ ಒಂದು ವಾರ ನಿಲ್ಲತೈತಿ, ಮೈಲಾರಲಿಂಗನ ಭಂಡಾರ ಮುಟ್ಟಿ ಆಡಿದ ಮಾತು ಸಾಯೂತನಕ ನಿಲ್ಲತೈತಿ. ಮಾತನ್ನೂ ಬಿಗಿಯಾಗಿ ಕಟ್ಟಿದೆ: "ಸೇಂದಿ ಆಗಲಿ, ಸೇಂದ್ಯಾಗಿನ ಯಾವುದಽ ವಸ್ತು ಆಗಲಿ, ನಾಲಿಗಿಗೆ ಮುಟ್ಟಿಸಿದ್ರ ನನ್ನ ಮನಿ ದೀಪ ಆರಲಿ." ಉಳವಪ್ಪ ಬ್ಯಾರೆ ಹೆಸರಿಲೆ ಬ್ಯಾರೆ ಏನರ ತಂದಾನು, ಸಂದು ಇರಬಾರದು ಅಂತ ಹಂಗ ಕಟ್ಟಿದ್ದು.

ಕೀಲಿ ಹಾಕೂ ಮುಂದ ಉಳವಪ್ಪ ನಕ್ಕೊಂತ ಅಂದ: "ಸ್ವಲ್ಪ ದಿವಸ ತಡೀರಿ. ನೀವಽ ಬಂದು ಕೀಲಿ ಮುರೀತೀರಿ." ಎಂಥಾ ಸೊಕ್ಕು ನೋಡು. ಕೇರಿ ಈಗ ತಣ್ಣಗೈತಿ. ಗೆದ್ದೇವಿ, ಗೋಪಿ.

ನಿನ್ನ
ದಾನವ್ವ


ಮುಂಬಯಿ
9 ಫೆಬ್ರುವರಿ 1981

ಪ್ರಿಯ ದಾನಿ,

ನಿನ್ನ ಪತ್ರ ಓದಿ ಭಾಳ ಸಂತೋಷ ಆತು. ಹಾಸ್ಟೆಲಿನ್ಯಾಗ ಅನ್ನದಾಗ ಹುಳ ಬಂದಾಗ ವಾರ್ಡನ್ನಿನ ಕೋಣಿ ಮುಂದ ತಾಟು ಬಡಿದವಳು ನೀನು. ಆ ತಾಟಿನ ಸಪ್ಪಳ ಇನ್ನೂ ನಿಂತಿಲ್ಲ ಅಂತಾತು.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಈಚಲ ಮರ ನಾಲ್ಕು ಇಲ್ಲಂದ್ರ ಆ ಕೊಡದಾಗ ಇದ್ದದ್ದು ಏನು? ಎಲ್ಲಾರೂ ಒಂದಽ ದಿನ ಬಿಟ್ಟಾರೇನು? ಬಿಟ್ಟವರ ಪೈಕಿ ಯಾರಿಗಾದರೂ ನಿದ್ದಿ ಹೋಗೇದೇನು, ಕೈ ನಡಗ್ತಾವೇನು?

ನನ್ನ ಈಗಿನ ಕೆಲಸ ಇಂಥಾದ್ದಽ ಇದ್ದದ್ದಕ್ಕ ಕೇಳ್ಲಿಕ್ಕೆ ಹತ್ತೇನಿ. ಮನಸ್ಸು ಶಾಂತ ಮಾಡೋ ಗುಳಿಗಿ ಅಂತ ಡಾಕ್ಟರು ಬರದು ಕೊಡ್ತಾರಲ್ಲ, ಅದನ್ನ ಕೆಲವು ವಾರ ಇಲಿಗಳಿಗೆ ಕೊಟ್ಟು, ಒಮ್ಮೆಲೆ ನಿಲ್ಲಿಸಿ, ಅವು ಏನು ಮಾಡ್ತಾವ ಅಂತ ನೋಡೋದು. ಹೆಚ್ಚೇನಿಲ್ಲ, ನಿಮ್ಮ ಮಂದಿಗೂ ಸ್ವಲ್ಪ ತ್ರಾಸ ಆಗಬಹುದು. ನನ್ನ ಅಣ್ಣ ವಿಠ್ಠಲ ಸವಣೂರಾಗಽ ದವಾಖಾನಿ ಇಟ್ಟಾನ. ಒಮ್ಮೆ ತೋರಿಸಿದರ ಒಳ್ಳೇದು.

ನಿನ್ನ
ಗೋಪಿಕಾ


ಹಾನಗಲ್
16 ಫೆಬ್ರುವರಿ 1981

ಗೋಪಿಕಾಬಾಯಾರ,

ಡಾಕ್ಟರ ಮಂದಿಗೆ ಗೆದ್ದವರ ಮೈಯಾಗೂ ರೋಗನಽ ಕಾಣತೈತಿ. ಶ್ರೀಮಂತರು ಕುಡಿಯೂದು ಬಿಟ್ರ ಸಂಯಮ, ನಮ್ಮ ಕೇರಿ ಬಿಟ್ರ ಕಾಯಿಲೆ. ಯಾರಿಗೂ ಏನೂ ಆಗಿಲ್ಲ. ಕೇರಿ ಸುಖವಾಗೈತಿ.

ಆಗಿದ್ದು ಬ್ಯಾರೆ, ಅದು ನಿನ್ನ ಇಲಿ ಶಾಸ್ತ್ರಕ್ಕ ತಿಳಿಯೂವಂಥಾದ್ದಲ್ಲ. ಮಾರೆಪ್ಪ ಕೈ ಕೊಟ್ಟ.

ಮೊನ್ನೆ ಶಿಗ್ಗಾಂವಿಯೊಳಗ ನಮ್ಮ ಸಭಾ ಇತ್ತು. ಹುಡುಗರು ಹಲಗಿ ಬಾರಿಸಾಕ ಚಾಲೂ ಮಾಡಿದ್ರು. ಹಲಗಿ ಬಾರಿಸಿ ಬಾರಿಸಿ ಅಂಗೈ ಕಲ್ಲಾದ ಮನಿಷ್ಯಾ, ಎರಡೂ ಕಿವಿಯಾಗ ಬೆರಳು ಇಟ್ಕೊಂಡು ಕುಂತ. ಅಷ್ಟೊತ್ತಿಗೆ ಪೊಲೀಸ ಜೀಪು ಬಂತು. ಏನೂ ಮಾಡಲಿಲ್ಲ ಅವರು, ಸುಮ್ನ ನಿಂತು ಬೀಡಿ ಸೇದಿದ್ರು. ಮಾರೆಪ್ಪ ಓಡಿದ. ಹತ್ತಿ ಹೊಲ ತುಳಕೊಂತ ಓಡಿದ. ಹುಡುಕಿದ್ರ ಒಂದು ಚಕ್ಕಡಿ ಕೆಳಗ ಮುದುರಿಕೊಂಡು ಕುಂತಿದ್ದ. ಬೆವರಿಲೆ ಅಂಗಿ ಒದ್ದಿ ಆಗಿತ್ತು. "ಏನಾತೋ" ಅಂದ್ರ, "ಗೊತ್ತಿಲ್ರಿ" ಅಂತಾನ.

ನಮ್ಮ ಅಧ್ಯಕ್ಷ ಗೋಣೆಪ್ಪ ಅಲ್ಲೇ ಕಮಿಟಿ ಕರೆದ. ಉಳವಪ್ಪ ಇವನ ಕಿಸೆ ತುಂಬಿಸ್ಯಾನ, ಮಂದಿ ಮುಂದ ಓಡಿ ತೋರಸು ಅಂತ ಕಳಿಸ್ಯಾನ ಅಂದ. ತುಂಬಿದ ಸಭಾದಾಗ ಹೇಡಿ ಅಂತ ಹೆಸರಿಟ್ಟು, ಹಲಗಿ ಕಸಗೊಂಡು ಹೊರಗ ಹಾಕಿದ್ರು. ಕೈ ಎತ್ತಿದವರೊಳಗ ನಾನೂ ಒಬ್ಬಾಕಿ. ಇಂಥಾ ಹೊತ್ತಿನಾಗ ಕರುಣಾ ತೋರಿಸಿದ್ರ ಚಳುವಳಿ ಉಳಿಯಂಗಿಲ್ಲ.

ಅವನ ಹೆಂಡ್ತಿ ದುರ್ಗವ್ವ ನಮ್ಮ ಕಟ್ಟಿಗೆ ಬಂದು ಅತ್ಲು. ಮನ್ಯಾಗ ಚರಗಿ ಬಿದ್ರೂ ಬೆಚ್ಚತಾನಂತ. ಬಿಸಿಲು ಕಣ್ಣಿಗೆ ಚುಚ್ಚತೈತಿ, ನೆಲ ತೂಗತೈತಿ, ಮೈಮ್ಯಾಲೆ ಇರಿವಿ ಹರಿದಾಡ್ತಾವ ಅಂತಾನಂತ. ಮಾಡು ಬೀಳತೈತಿ ಅಂತ ಒಳಗ ಮಲಗಂಗಿಲ್ಲಂತ. ತಪ್ಪು ಮಾಡಿದವನ ಮನಸ್ಸು ಹಿಂಗಽ ಇರತೈತಿ ಅಂತ ಹೇಳಿ ಕಳಿಸಿದೆ.

ದಾನವ್ವ


ಮುಂಬಯಿ
21 ಫೆಬ್ರುವರಿ 1981

ದಾನವ್ವ,

ನಿನ್ನ ಪತ್ರ ಮುಟ್ಟಿದ ತಾಸಿನ್ಯಾಗ ವಿಠ್ಠಲಣ್ಣಗ ತಂತಿ ಕೊಟ್ಟೇನಿ. ಅವನು ಗೊಂದಿಕೊಪ್ಪಕ್ಕ ಬರ್ತಾನ. ಬಂದಾಗ ಬಾಗಲದಾಗ ಅಡ್ಡ ನಿಲ್ಲಬ್ಯಾಡ.

ನಾನು ಹದಿನಾರು ವರ್ಷದಿಂದ ನಿನ್ನ ಬೈಗಳ ತಿಂದೇನಿ, ತಿರುಗಿ ಬೈದಿಲ್ಲ. ಈಗ ಬೈತೀನಿ. ನಿಮ್ಮ ಕಮಿಟಿಯೊಳಗ ಕೈ ಇದ್ದವರು ಅಷ್ಟು ಮಂದಿ ಇದ್ರು, ಕಣ್ಣಿದ್ದವರು ಒಬ್ಬರೂ ಇರಲಿಲ್ಲೇನು? ಕಿವಿಯಾಗ ಬೆರಳು, ಬೆವರು, ಬೆಳಕು ಚುಚ್ಚೋದು, ಮೈಮ್ಯಾಲೆ ಇರುವಿ. ಇದನ್ನೆಲ್ಲಾ ನೀನಽ ಬರದಿ. ಬರದು, ಕೆಳಗ ಹೇಡಿ ಅಂತ ಸಹಿ ಹಾಕಿದಿ.

ನಮ್ಮ ಪ್ರಯೋಗಶಾಲಾದಾಗ ಒಂದು ಪೆಟ್ಟಿಗಿ ಅದ. ಅರ್ಧ ಕತ್ತಲಿ, ಅರ್ಧ ಬೆಳಕು. ಆರೋಗ್ಯದ ಇಲಿ ಎರಡೂ ಕಡೆ ಓಡಾಡ್ತದ. ಗುಳಿಗಿ ತಿಂದು ತಿಂದು ರೂಢಿ ಆದ ಇಲಿಗೆ ಒಮ್ಮೆಲೆ ನಿಲ್ಲಿಸಿದರ, ಕತ್ತಲಿ ಮೂಲಿ ಹಿಡಿದು ಕೂಡ್ತದ. ಸಣ್ಣ ಸಪ್ಪಳಕ್ಕ ಜಿಗೀತದ. ಬೆಳಕಿಗೆ ಬಾ ಅಂದ್ರ ಬರೂದಿಲ್ಲ. ಆ ಇಲಿಗೆ ಯಾವ ಉಳವಪ್ಪನೂ ಲಂಚ ಕೊಟ್ಟಿರಲಿಲ್ಲ. ಈಚಲ ಇಲ್ಲದ ನಿಮ್ಮ ಕೊಡದಾಗ ಅವನು ಇಂಥಾದ್ದಽ ಗುಳಿಗಿ ಪುಡಿ ಮಾಡಿ ಕಲಸಿರಬೇಕು.

ಯಾಕ ಹಿಂಗಾಗ್ತದ ಅಂತ ಹೇಳ್ತೀನಿ, ಸಭಾದಾಗ ಎಲ್ಲಾರಿಗೂ ಹೇಳು. ಹಗ್ಗ ಜಗ್ಗೋ ಆಟ ನೋಡಿಯಲ್ಲ. ಮಿದುಳಿನ್ಯಾಗ 'ಎಚ್ಚರಿರು' ಅನ್ನೋದು ಒಂದು ಕಡೆ, 'ಸುಮ್ಮನಿರು' ಅನ್ನೋದು ಇನ್ನೊಂದು ಕಡೆ ಹಗ್ಗ ಹಿಡಿದು ನಿಂತಾವ. ಆ ಪುಡಿ ಬಂದು 'ಸುಮ್ಮನಿರು' ಅನ್ನೋ ಕಡೆ ಸೇರಿ ಜಗ್ಗತದ. ಮರುದಿನ ಎದ್ದು ಗದ್ದಿಗೆ ಹೋಗಬೇಕಲ್ಲ, ಮಿದುಳು 'ಎಚ್ಚರಿರು' ಕಡೆ ಬಲ ಹೆಚ್ಚು ಮಾಡ್ತದ. ಅಷ್ಟಽ ಅಲ್ಲ, ಪುಡಿ ಇದ್ದದ್ದರಿಂದ 'ಸುಮ್ಮನಿರು' ಕಡೆಯ ತನ್ನ ಸ್ವಂತ ಆಳು ಜಗ್ಗೋದನ್ನಽ ಮರೀತಾವ. ವರ್ಷಾನುಗಟ್ಲೆ ಹಿಂಗ ನಡೀತದ. ಒಂದು ಬುಧವಾರ ನೀವು ಬಂದು ಪುಡಿಯ ಕೈಯಾಗಿನ ಹಗ್ಗ ಬಿಡಿಸಿದಿರಿ. ಇನ್ನೊಂದು ಕಡೆಯವರು ಏನಾಗಬೇಕು? ಹಿಂದಕ ಬೀಳಬೇಕು. ಆ ಬೀಳೋದಕ್ಕಽ ಮಾರೆಪ್ಪ ಅಂಜಿಕಿ ಅನ್ಲಿಕ್ಕೆ ಹತ್ಯಾನ. ಅಂಜಿಕಿ ಖರೇ, ಆದರ ಅದಕ್ಕ ಎದುರಿಗೆ ಹುಲಿ ಇರಬೇಕಂತಿಲ್ಲ. ಅದಕ್ಕಽ ಏನಾತು ಅಂದ್ರ "ಗೊತ್ತಿಲ್ಲ" ಅಂದ. ಅಷ್ಟು ಖರೇ ಮಾತು ನಿಮ್ಮ ಸಭಾದಾಗ ಬ್ಯಾರೆ ಯಾರೂ ಆಡಿರಲಿಲ್ಲ.

ಮೊದಲಿನ ಪತ್ರದಾಗ 'ಸ್ವಲ್ಪ ತ್ರಾಸ' ಅಂತ ಬರದೆ. ಅದು ಸುಳ್ಳು. ಫಿಟ್ಸ್ ಬರಬಹುದು, ಜೀವ ಹೋಗಬಹುದು. ನನಗ ಆಗಽ ಗೊತ್ತಿತ್ತು. ನೀ ಎಲ್ಲೆ ಮತ್ತ ನನ್ನ 'ಮಡಿ ಬಾಯಿ' ಅಂತೀಯೋ ಅಂತ ಮೆತ್ತಗ ಬರದೆ. ನಿನ್ನ ನಾಲಿಗಿಗೆ ನಾ ಅಂಜಿದೆ, ಅದರ ಬೆಲಿ ಆ ಮನಿಷ್ಯಾ ಕೊಡ್ಲಿಕ್ಕೆ ಹತ್ಯಾನ.

ಅಂಗಡಿ ಕೊಡದ ತಳದಾಗ ಏನರ ಉಳಿದಿದ್ರ ವಿಠ್ಠಲಣ್ಣಗ ಕೊಡು. ಔಷಧ ಬ್ಯಾರೆ ಇಲ್ಲ, ಅದಽ ಗುಳಿಗಿ. ತೂಕ ಮಾಡಿ ಕೊಟ್ಟು, ವಾರದಿಂದ ವಾರಕ್ಕ ಇಷ್ಟಿಷ್ಟಽ ಇಳಿಸಿ, ಹಗ್ಗವನ್ನ ಮೆಲ್ಲಕ ಸಡಿಲ ಮಾಡಬೇಕು. ಎಷ್ಟು ಅಂತ ಡಾಕ್ಟರಽ ನೋಡಿ ಹೇಳಬೇಕು. ನೀನಾಗಿ ಏನೂ ಕೊಡಬ್ಯಾಡ.

ಗೋಪಿಕಾ


ಹಾನಗಲ್
1 ಮಾರ್ಚ್ 1981

ಗೋಪಿ,

ನಿನ್ನ ಪತ್ರ ಓದಿ ಮೊದಲು ಹರದು ಒಗದೆ. ನಮ್ಮ ಮಾರೆಪ್ಪನ್ನ ಇಲಿಗೆ ಹೋಲಿಸಿದ್ದು ನನಗ ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲೆ ತುಂಡು ಜೋಡಿಸಿ ಓದಿದೆ.

ಕೇರಿ ಸುಖವಾಗೈತಿ ಅಂತ ಬರದಿದ್ನಲ್ಲ, ಅದೂ ಸುಳ್ಳು. ಅದನ್ನ ಬರೆಯೂಕಿಂತ ಮೊದಲಽ ಇಬ್ಬರು ನೆಲಕ್ಕ ಬಿದ್ದು ಹಲ್ಲು ಕಚ್ಚಿ ಒದ್ದಾಡಿದ್ರು. ಒಬ್ಬಾಕಿ ಬಾಣಂತಿ. ದ್ಯಾಮವ್ವ ಮುನಿದಾಳ ಅಂತ ಕೇರಿ ಅಂತು. ಬಾಯಿ ಬಿಡಬ್ಯಾಡ್ರಿ ಅಂತ ನಾನಽ ಹೇಳಿದೆ. ಉಳವಪ್ಪಗ ತಿಳಿದ್ರ "ನೋಡ್ರಿ, ಸೇಂದಿ ಬಿಟ್ರ ಸಾಯ್ತೀರಿ" ಅಂತ ಡಂಗುರ ಹೊಡಿಸ್ಯಾನು ಅಂತ ಅಂಜಿದೆ.

ಈಗ ತಿಳೀತು, ಅವಗ ಯಾರೂ ಹೇಳೂದು ಬೇಕಿರಲಿಲ್ಲ. "ಸ್ವಲ್ಪ ದಿವಸ ತಡೀರಿ" ಅಂತ ನಕ್ಕಿದ್ದನಲ್ಲ, ಅದು ಸೊಕ್ಕಲ್ಲ ಗೋಪಿ, ಲೆಕ್ಕ. ಬಿತ್ತಿದವಗ ಗೊತ್ತಿರತೈತಿ ಯಾವಾಗ ಮೊಳಕಿ ಒಡೀತೈತಿ ಅಂತ. ಕೊಡದ ತಳದ ಗಸಿ ನಿಮ್ಮಣ್ಣ ಹುಬ್ಬಳ್ಳಿಗೆ ಕಳಿಸಿ ಪರೀಕ್ಷಾ ಮಾಡಿಸಿದ್ರು. ನೀರು, ಸಕ್ಕರಿ, ಹುಳಿ, ಮತ್ತ ನೀ ಇಲಿಗೆ ಕೊಡೂ ಗುಳಿಗಿನಽ, ಡಯಾಜೆಪಾಮ್. ಈಚಲಿನ ಹನಿ ಹೆಸರಿಗಿಲ್ಲ. ಮನಸ್ಸು ಶಾಂತ ಮಾಡೋ ಗುಳಿಗಿ! ದೊಡ್ಡವರ ಮನ್ಯಾಗ ಬಂಗಾರದ ಡಬ್ಬ್ಯಾಗ ಇರೋದು, ನಮ್ಮ ಕೇರಿಗೆ ಕೊಡದಾಗ ಬಂತು. ಶಾಂತ ಮಾಡಬೇಕಾಗಿದ್ದು ಮನಸ್ಸಲ್ಲ, ಕೂಲಿ ಕೇಳೋ ಬಾಯಿ. ಪ್ರತಿ ತಿಂಗಳು ಬಂದು ಕೊಡಕ್ಕ ಮೂಗು ಹಿಡಿದು "ಉತ್ತಮ" ಅಂತ ಬರಕೊಂಡು ಹೋದ ಅಬಕಾರಿ ಇನ್ಸ್‌ಪೆಕ್ಟರನ ಮೂಗು ಯಾವ ಅಂಗಡ್ಯಾಗ ಒತ್ತೆ ಇತ್ತು?

ಪೇಟಿಯ ಒಬ್ಬ ಖಾಸಗಿ ಡಾಕ್ಟರನ ಕಡೆ ದುರ್ಗವ್ವ ಗಂಡನ್ನ ಕರಕೊಂಡು ಹೋಗಿದ್ಲಂತ. ಕುಡುಕನ ನಾಟಕ ಅಂತ ಬಾಗಿಲಿಂದಽ ಕಳಿಸಿದ್ನಂತ. ನಾ ಕಟ್ಟಿ ಮ್ಯಾಲಿಂದ ಕಳಿಸಿದೆ, ಅವ ಬಾಗಿಲಿಂದ. ಓದಿದವರೆಲ್ಲಾ ಒಂದಽ ಸಾಲಿಯವರು.

ಮೊನ್ನೆ ಶುಕ್ರವಾರ ಮಾರೆಪ್ಪಗೂ ಫಿಟ್ಸ್ ಬಂತು. ನಾಲಿಗಿ ಕಚ್ಚಿಕೊಂಡ. ನಿಮ್ಮಣ್ಣ ಓಡಿ ಬಂದ್ರು. ಇನ್ನೊಂದು ಇಂಥಾದ್ದು ಬಂದ್ರ ಉಳಿಯೂದು ಕಷ್ಟ ಅಂದ್ರು. ಎಚ್ಚರಾದ ಮ್ಯಾಲೆ ಎಲ್ಲಾ ತಿಳಿಸಿ ಹೇಳಿ, ಗುಳಿಗಿ ಅಂಗೈ ಮ್ಯಾಲೆ ಇಟ್ರು. ಮಾರೆಪ್ಪ ಅದನ್ನ ನೋಡಿದ. ಕೈ ಎಷ್ಟು ನಡಗ್ತಿತ್ತಂದ್ರ ಗುಳಿಗಿ ಕುಣೀತಿತ್ತು.

"ಇದು ಸೇಂದ್ಯಾಗಿಂದಽ ಏನ್ರಿ?"

"ಹೌದಪಾ, ಅದಽ."

ತಿರುಗಿ ಕೊಟ್ಟ. "ಭಂಡಾರ ಮುಟ್ಟೇನಿ. ಹೇಡಿ ಅನಿಸಿಕೊಂಡೇನಿ ಡಾಕ್ಟರ, ಮಾತಿಗೆ ತಪ್ಪಿದವ ಅನಿಸಿಕೊಳ್ಳಂಗಿಲ್ಲ."

ಬಾಣಂತಿಯೂ ಒಲ್ಲೆ ಅಂದ್ಲು. ಕೇರಿಯೆಲ್ಲಾ ಒಲ್ಲೆ ಅಂತು. ಸಂದು ಇರಬಾರದಂತ ಕಟ್ಟಿದ ಮಾತು ನೋಡು, ಔಷಧ ಹೋಗಾಕೂ ಸಂದಿಲ್ಲ. ಗೋಣೆಪ್ಪನ್ನ ಕೇಳಿದ್ರ, ಗುಳಿಗಿ ಹಂಚಿದ್ರ ನಮಗೂ ಉಳವಪ್ಪಗೂ ಏನು ಫರಕು, ತಾಲೂಕೆಲ್ಲಾ ನಗತೈತಿ, ಒಬ್ಬ ಓಡಿ ಹೋದವನ ಸಲುವಾಗಿ ಚಳುವಳಿ ಮುಳುಗಿಸಬ್ಯಾಡ್ರಿ ಅಂತಾನ. ನಾ ಏನು ಮಾಡ್ಲಿ ಹೇಳು. ಔಷಧಕ್ಕ ಅರ್ಧ ಗುಳಿಗಿ, ಕಾಲು ಗುಳಿಗಿ ಅಂತ ಲೆಕ್ಕ ಐತಿ. ಆಣಿಗೆ ಏನೈತಿ?

ದಾನವ್ವ


ಮುಂಬಯಿ
7 ಮಾರ್ಚ್ 1981

ದಾನಿ,

ಮಿದುಳಿನ ವಿಷಯ ನನ್ನ ಕೇಳು, ಹೇಳ್ತೀನಿ. ಭಂಡಾರದ ವಿಷಯ ನನ್ನ ಕೇಳಬ್ಯಾಡ. ನಂಬಲಾರದ ದೇವರ ಕಡೆಯಿಂದ ನಂಬೋ ಮಂದಿನ್ನ ಕಟ್ಟಿಸಿದವಳು ನೀನು. ಬಿಚ್ಚೋದು ಹ್ಯಾಂಗ ಅಂತ ಅವರನ್ನಽ ಕೇಳು. ಪುಸ್ತಕ ಹುಡುಕಬ್ಯಾಡ.

ಗೋಣೆಪ್ಪಗ ಇಷ್ಟು ಹೇಳು: ಉಳವಪ್ಪ ಹೇಳದಽ ಕೊಟ್ಟ, ಏರಿಸಲಿಕ್ಕೆ ಕೊಟ್ಟ. ವಿಠ್ಠಲಣ್ಣ ಹೇಳಿ ಕೊಡ್ತಾನ, ಇಳಿಸಲಿಕ್ಕೆ ಕೊಡ್ತಾನ. ಈ ಫರಕು ತಿಳಿಯದವರು ಅಧ್ಯಕ್ಷರಾಗಬಾರದು.

ತಡ ಮಾಡಬ್ಯಾಡ. ಉತ್ತರ ಬರೀಲಿಕ್ಕೂ ತಡ ಮಾಡಬ್ಯಾಡ. ಪೋಸ್ಟಿನವನ ಗಂಟಿ ಕೇಳಿದರ ನನಗೂ ಎದಿ ಹೊಡಕೊಳ್ತದ ಈಗ.

ಗೋಪಿಕಾ


ಹಾನಗಲ್
20 ಮಾರ್ಚ್ 1981

ಗೋಪಿ,

ಕೇಳಿದೆ. ಮೈಲಾರಲಿಂಗನ ಗುಡಿಯ ಗೊರವಪ್ಪನ ಹತ್ರ ಹೋಗಿ, ಆಣಿ ಬಿಡಿಸಾಕ ಬರತೈತೇನು ಅಂತ ಕೇಳಿದೆ. ಆಣಿ ಬಿಡಂಗಿಲ್ಲವ್ವ, ತಲಿ ಬದಲು ಮಾಡತೈತಿ ಅಂದ. ಹಾಕಿದವರು ತಮ್ಮ ತಲಿ ಮ್ಯಾಲೆ ಹೊತಗೊಂಡ್ರ ಮಾಡಿದವರ ತಲಿ ಹಗುರಾಗತೈತಂತ. ನೀ ನಂಬಂಗಿಲ್ಲಲ್ಲ, ನಿನಗೇನು ಭಾರ ಅಂತ ನಕ್ಕ.

ಮೊನ್ನೆ ಭಾನುವಾರ ಗುಡಿ ಮುಂದ ಕೇರಿ ಕೂಡಿತು. ಕಮಿಟಿಯವರೂ ಬಂದಿದ್ರು. ಮಾರೆಪ್ಪನ್ನ ದುರ್ಗವ್ವ ಕೈ ಹಿಡಿದು ತಂದ್ಲು. ಅಷ್ಟು ಮಂದಿ, ಅಷ್ಟು ಬೆಳಕು. ಕಂಬ ತಬ್ಬಿಕೊಂಡು ನಿಂತ, ಕಂಬ ಬಿಡಲಿಲ್ಲ, ಹೋಗಲೂ ಇಲ್ಲ. ನಾ ಭಂಡಾರ ಮುಟ್ಟಿ, ನಾನು ಹಾಕಿದ ಆಣಿ ಎಲ್ಲಾರ ತಲಿಯಿಂದ ನನ್ನ ತಲಿಗೆ ಬರಲಿ ಅಂದೆ. ಅಂಜಿದೆ ಗೋಪಿ. ದೇವರಿಗೆ ಅಲ್ಲ, ಆ ಮುಖಗಳಿಗೆ.

ಆಮ್ಯಾಲೆ ನಿನ್ನ ಹಗ್ಗದ ಮಾತು ಹೇಳಿದೆ. ಸಣ್ಣ ಹುಡುಗರಿಗೂ ತಿಳೀತು. ಗೋಣೆಪ್ಪಗ ತಿಳೀಲಿಲ್ಲ. ಮಾರೆಪ್ಪಗ ಹೇಡಿ ಅಂದ ಕಮಿಟಿ ಠರಾವು ಸುಳ್ಳು, ಅದಕ್ಕ ಎತ್ತಿದ ನನ್ನ ಕೈ ಕೆಳಗ ಇಳಿಸೇನಿ ಅಂದಾಗ, ಅವ ಹೆಗಲ ಮ್ಯಾಲಿನ ಶಾಲು ಝಾಡಿಸಿ ಎದ್ದು, ಇದು ಸಂಘಟನೆಯೋ ದವಾಖಾನಿಯೋ ಅನಕೊಂತ ಹೊಂಟ. ಅವನ ಹಿಂದ ಕೆಲವರು ಹೋದ್ರು. ಹೋಗ್ಲಿ. ನಡಗೋ ಮನಿಷ್ಯಾನ್ನ ನೋಡಾಕ ನಾಚೋರು ಜೀಪಿನ ಮುಂದ ನಿಂತು ಮಾಡೂದೇನೈತಿ?

ನಿಮ್ಮಣ್ಣ ಗುಳಿಗಿ ತೆಗೆದ್ರು. ಮಾರೆಪ್ಪ ತಗೊಳ್ಳಲಿಲ್ಲ. ನನ್ನನ್ನಽ ಕೇಳಿದ:

"ಅಕ್ಕಾರ, ಹಂಗಾದ್ರ ಈ ಅಂಜಿಕಿ ನಂದಲ್ಲ?"

"ಅಲ್ಲಪಾ."

"ಉಳವಪ್ಪ ಹಾಕಿದ್ದು?"

"ಹೌದು."

"ಹಂಗಿದ್ರ ಅವನ ಮನಿಗೆ ಒಯ್ದು ತೋರಸೂಣು ನಡೀರಿ. ಗುಳಿಗಿ ಅಲ್ಲೇ ತಗೋತೇನಿ."

ನಿಮ್ಮಣ್ಣ ಬ್ಯಾಡ ಅಂದ್ರು. ಇಷ್ಟು ಬಿಸಿಲಾಗ ಅವ ಅಷ್ಟು ದೂರ ನಡದ್ರ ಎದಿ ತಡಕೊಳ್ಳೂದಿಲ್ಲ, ಇಲ್ಲೇ ತಗೊಂಡು ನಾಳೆ ಹೋಗೂಣು ಅಂದ್ರು. ಮಾರೆಪ್ಪ ಕಂಬ ಬಿಟ್ಟ. ಕಂಬ ಬಿಟ್ಟ ಕೂಡ್ಲೆ ಕಾಲು ಅತ್ತಿತ್ತ ಆತು, ದುರ್ಗವ್ವ ಹೆಗಲು ಕೊಟ್ಲು. ಹಲಗಿ ಬ್ಯಾಡ ಅಂತ ಕೈ ಮಾಡಿದ. ಸಪ್ಪಳಿಲ್ಲದ ಮೋರ್ಚಾ ನಾ ಎಂದೂ ನೋಡಿರಲಿಲ್ಲ. ಬಾಣಂತಿ ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಬಂದ್ಲು. ಕೆಲವರ ಕೈ ನಡಗ್ತಿದ್ವು, ಕೆಲವರ ದವಡಿ. ಹಿಂದಿದ್ದವರು ಮುಂದಿನವರ ಅಂಗಿ ಹಿಡಕೊಂಡಿದ್ರು. ನಾಯಿ ಬೊಗಳಿದ್ರ ಅರ್ಧ ಮಂದಿ ಬೆಚ್ಚಿ ನಿಲ್ಲೋರು, ಮತ್ತ ನಡಿಯೋರು. ನಿಮ್ಮಣ್ಣ ಚೀಲ ಹಿಡಕೊಂಡು ಮಾರೆಪ್ಪನ ಬಾಜೂಕ, ಅವನ ನಾಡಿ ಮ್ಯಾಲೆ ಬೆರಳಿಟ್ಟಽ ನಡದ್ರು. ಸವಣೂರಿನ ಆಚಾರ್ರ ಮಗ, ದಾರಿ ತುಂಬ ಆ ಕೈ ಬಿಡಲಿಲ್ಲ.

ಉಳವಪ್ಪ ಚಾದ ಬಸಿ ಹಿಡಕೊಂಡು ವಾಡೆದ ಬಾಗಿಲಿಗೆ ಬಂದ. ಮಂದಿನ್ನ ನೋಡಿ ಮೊದಲು ಗಾಬರಿ ಆದ. ಆಮ್ಯಾಲೆ ನಡಗೂದು ಕಂಡು ಅವನ ಮಾರಿ ಸಡಲಾತು. ಕೀಲಿ ಮುರಿಯಾಕಽ ಬಂದಾರ ಅನಕೊಂಡ. ಒಂದು ಗುಟುಕು ಚಾ ಕುಡದ.

"ಏನೋ ಮಾರ್ಯಾ, ಎಲಿ ಅಲುಗಿದಂಗ ಅಲುಗಾಕತ್ತಿಯಲ್ಲ. ಅಂಜೀಯೇನು?"

ಮಾರೆಪ್ಪ ದುರ್ಗವ್ವನ ಹೆಗಲಿಂದ ಕೈ ತೆಗೆದ. ಅವನ ಹಲ್ಲು ಒಂದಕ್ಕೊಂದು ಬಡಿಯೂದು ನನಗ ಕೇಳಸ್ತಿತ್ತು.

"ಹೌದ್ರಿ, ಅಂಜೇನಿ. ಅಂಜಿಕೊಂತನಽ ಬಂದೇನಿ."

ಹಂಗ ಅಂದು, ಅವನ ಕಡೆಯಿಂದ ಕಣ್ಣು ತೆಗೀದಽ, ನಿಮ್ಮಣ್ಣನ ಕಡೆ ಅಂಗೈ ಚಾಚಿದ. ಗುಳಿಗಿ ಬಾಯಾಗ ಹಾಕ್ಕೊಂಡ, ದುರ್ಗವ್ವ ಹಿಡಿದ ಚರಗಿಯಿಂದ ನೀರು ಕುಡದ, ಅರ್ಧ ನೀರು ಎದಿ ಮ್ಯಾಲೆ ಚೆಲ್ಲಿತು. ಅವನ ಹಿಂದ ಬಾಣಂತಿ ಅಂಗೈ ಚಾಚಿದ್ಲು. ಆಕಿ ಹಿಂದ ಇನ್ನೊಬ್ಬ. ಕೇರಿಯ ಅಷ್ಟೂ ನಡಗೋ ಕೈ ಒಂದೊಂದಾಗಿ ಉಳವಪ್ಪನ ಮಾರಿ ಮುಂದ ಹಾದು ಹೋದ್ವು. ಪ್ರತಿಯೊಬ್ಬರಿಗೂ ನಿಮ್ಮಣ್ಣ ಎಲ್ಲಾರಿಗೂ ಕೇಳೂವಂಗ ಹೇಳಿದ್ರು, ಇದು ಇಂಥಾ ಗುಳಿಗಿ, ಈ ಮನಿಯವರು ನಿಮಗ ಕೊಡದಾಗ ಹಾಕಿ ಕುಡಿಸಿದ್ದು ಇದಽ, ಇದನ್ನ ಇಳಿಸಿ ಇಳಿಸಿ ಬಿಡಸ್ತೀನಿ ಅಂತ. ಓಣಿಯ ಮಂದಿ ಕಟ್ಟಿ ಮ್ಯಾಲೆ ಬಂದು ನಿಂತು ಕೇಳಿದ್ರು.

ಉಳವಪ್ಪನ ಬಸ್ಯಾಗಿನ ಚಾ ಕೆನಿ ಕಟ್ಟಿತ್ತು. ಅವ ಒಳಗ ಹೋಗಿ ಅಗಳಿ ಹಾಕ್ಕೊಂಡ.

ನಾವು ಅವನ ಬಾಗಿಲ ಮುಂದಽ ಕುಂತ್ವಿ. ಏಳಲಿಲ್ಲ.

ದಾನವ್ವ